ಮೊದಲ ದೋಣಿಯಲ್ಲಿ ಯಾರು?

ಮುಂಬಯಿ
೧೯ ಜನವರಿ ೧೯೬೪

ಪ್ರಿಯ ಮಹಾಲಕ್ಷ್ಮೀ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದನ್ನು ಒಲೆಗೆ ಹಾಕಬೇಕೆಂದು ನಿನಗೆ ಅನ್ನಿಸಬಹುದು. ಐದೂವರೆ ವರ್ಷ ಒಂದು ಸಾಲು ಬರೆಯದವಳು ಈಗ ಕ್ಷೇಮ ಕೇಳಿದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಆದರೂ ಪೂರ್ತಿ ಓದು. ಕುಮಟೆಯ ಆ ಬಾಡಿಗೆ ಕೋಣೆಯಲ್ಲಿ ಒಂದೇ ಲಾಟೀನಿನ ಕೆಳಗೆ ಮೂರು ವರ್ಷ ಓದಿದವರು ನಾವು. ಅದರ ಸಲುಗೆಯಿಂದ ಇಷ್ಟು ಕೇಳುತ್ತಿದ್ದೇನೆ.

ನಾನಿಲ್ಲಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಣಿಕೆಯ ಯಂತ್ರದ ಕೆಲಸದಲ್ಲಿದ್ದೇನೆ. ದೊಡ್ಡ ಕೋಣೆಯ ತುಂಬ ಕಬ್ಬಿಣದ ಬೀರುಗಳು, ಅವುಗಳೊಳಗೆ ರೇಡಿಯೋದಲ್ಲಿರುವಂಥ ಸಾವಿರಾರು ಗಾಜಿನ ಕೊಳವೆಗಳು. ನಾವು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಕೊಟ್ಟ ಆಜ್ಞೆಗಳನ್ನು ಅದು ಓದುತ್ತದೆ. ನಾನು ತಿಂಗಳುಗಟ್ಟಲೆ ಕೂತು ಮಾಡುವ ಲೆಕ್ಕವನ್ನು ಚಹ ಆರುವುದರೊಳಗೆ ಮುಗಿಸುತ್ತದೆ. ನಮ್ಮ ಹಿರಿಯರಾದ ಡಾಕ್ಟರ್ ಕೃಷ್ಣಾನಂದರು ಇನ್ನೂ ಮುಂದೆ ಹೋಗಿದ್ದಾರೆ. ತನ್ನ ತಪ್ಪನ್ನು ನೋಡಿ ತಾನೇ ತಿದ್ದಿಕೊಳ್ಳುವುದನ್ನು ಅದಕ್ಕೆ ಕಲಿಸುತ್ತಿದ್ದಾರೆ. ಪರದೇಶದಲ್ಲಿ ಇದಕ್ಕೆ ಹೆಸರೂ ಇಟ್ಟಾಗಿದೆ. ಕನ್ನಡದಲ್ಲಿ ಕೃತಕ ಬುದ್ಧಿ ಎನ್ನಬಹುದೇನೋ.

ಇಂಥ ಬುದ್ಧಿಯನ್ನು ಯಾರ ಕೈಗೆ ಕೊಡಬೇಕು, ಯಾರ ಮಾತಿನಂತೆ ಬೆಳೆಸಬೇಕು ಎಂದು ನಿರ್ಧರಿಸಲು ಒಂದು ಸಮಿತಿ ಆಗಿದೆ. ಸರಕಾರದ ಕೈಯಲ್ಲಿರಲಿ ಎನ್ನುತ್ತಾರೆ ದಿಲ್ಲಿಯಿಂದ ಬಂದವರು. ಯಂತ್ರ ಮಾರುವ ಕಂಪನಿಯವನು ನಮಗೇ ಬಿಡಿ ಎನ್ನುತ್ತಾನೆ. ಬಲ್ಲವರ ಕೈಯಲ್ಲಿರಲಿ ಎಂಬುದು ನಮ್ಮ ಡಾಕ್ಟರರ ಮಾತು. ಇದಕ್ಕೆಲ್ಲ ಟಿಪ್ಪಣಿ ಬರೆಯುವ ಕೆಲಸ ನನಗೆ ಬಂದಿದೆ. ಯಂತ್ರದ ಯೋಗ್ಯತೆ ತೋರಿಸಲು ನಿಜವಾದ ಕೆಲಸವೊಂದು ಬೇಕು ಎಂದಾಗ ನಾನು ನಮ್ಮ ಶರಾವತಿಯ ಅಳಿವೆಯನ್ನು ಸೂಚಿಸಿದೆ. ನದಿ ಸಮುದ್ರ ಸೇರುವ ಆ ಬಾಯಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ದೋಣಿ ಹೋಗಬಹುದು ಎಂಬ ಪಟ್ಟಿಯನ್ನು ಯಂತ್ರ ಮಾಡಿಕೊಡುತ್ತದೆ. ಅದನ್ನೇ ಏಕೆ ಸೂಚಿಸಿದೆ ಎಂದು ನಿನಗೆ ಹೇಳಬೇಕಾಗಿಲ್ಲ.

ಹಮ್ಮ ಇನ್ನೂ ಮರಳು ದಿಬ್ಬದ ಮೇಲೆ ನಿಂತು, ಹೊಳೆಯ ಮತ್ತು ಕಡಲಿನ ದೋಣಿಗಳಿಗೆ ಇನ್ನು ಇಳಿಯಬಹುದು ಎಂದು ಬಿಳಿ ಬಟ್ಟೆ ಏರಿಸುತ್ತಾನೆಯೇ? ಅವನು ಏನೇನು ನೋಡಿ ಹೊತ್ತು ಹೇಳುತ್ತಾನೆ ಎಂದು ಕೇಳಿ ಬರೆಯುತ್ತೀಯಾ?

ನಿನ್ನ ಉತ್ತರ ಬರಲಿ ಬರದಿರಲಿ, ನಿನ್ನವಳೇ,
ವನಮಾಲಾ


ಕಾಸರಕೋಡ
೭ ಫೆಬ್ರವರಿ ೧೯೬೪

ವನಮಾಲಾ,

ಒಲೆಗೆ ಹಾಕಲಿಲ್ಲ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಅದು ಸೀಯುವವರೆಗೂ ಓದಿದೆ. ಸೀದ ಅನ್ನದ ಪಾಪ ನಿನಗೆ.

ನಾನು ಇಲ್ಲೇ ಇದ್ದೇನೆ. ಅದೇ ಪ್ರಾಥಮಿಕ ಶಾಲೆ, ನಲವತ್ತು ಮಕ್ಕಳು, ಮೀನು ಒಣಗಿಸುವ ಚಾಪೆಗಳ ಪಕ್ಕದಲ್ಲಿ ಮಗ್ಗಿ. ನನ್ನ ತಮ್ಮ ಶ್ರೀಕೃಷ್ಣ ನಿನ್ನನ್ನು ಮುಂಬಯಿಯ ದಾರಿಗೆ ಹಚ್ಚಲೆಂದು ಹೊಳೆ ದಾಟಿ ಹೊನ್ನಾವರಕ್ಕೆ ಬಂದ, ಮರಳುವಾಗ ದೋಣಿ ಮಗುಚಿ ಸತ್ತ. ನಿನ್ನಿಂದ ಒಂದು ಕಾರ್ಡು ಬರಲಿಲ್ಲ. ಅಂದಿನಿಂದ ನಾನು ಈ ಹೊಳೆ ದಾಟಿಲ್ಲ. ಎದುರು ದಡದ ದೀಪಗಳು ಅಂಗಳದಿಂದ ಕಾಣುತ್ತವೆ, ಅಷ್ಟು ಸಾಕು. ಇದನ್ನು ಬರೆದುಬಿಟ್ಟರೆ ಮುಂದಿನ ಮಾತು ಸುಲಭ ಎಂದು ಬರೆದೆ.

ಹಮ್ಮನನ್ನು ಮೂರು ಸಂಜೆ ಕೂರಿಸಿಕೊಂಡು ಕೇಳಿದೆ. "ನೀರಿನ ಬಣ್ಣ ನೋಡೂದು, ತೆರೆ ಎಲ್ಲಿ ಒಡೀತದೆ ನೋಡೂದು, ಮರಳು ಯಾವ ಬದಿಗೆ ಹೋಯ್ತು ನೋಡೂದು. ಮತ್ತೆಂತ ಇಲ್ಲ ಅಕ್ಕೋರೇ," ಎಂದ. ಆ ಮತ್ತೆಂತ ಇಲ್ಲದ್ದೇ ಹನ್ನೊಂದು ಹಾಳೆ ಆಗಿದೆ, ಜೊತೆಗಿಟ್ಟಿದ್ದೇನೆ. ದೋಣಿಯಲ್ಲಿ ಕೂತವರಿಗೆ ತೆರೆಯ ಬೆನ್ನು ಮಾತ್ರ ಕಾಣುತ್ತದೆ, ಮುಂದೆ ಅದು ಒಡೆಯುವುದು ಕಾಣುವುದಿಲ್ಲ. ಅದಕ್ಕೇ ದಿಬ್ಬದ ಮೇಲೆ ಒಬ್ಬ ಬೇಕು.

ನೀನು ಭಟ್ಕಳದವಳು, ಇಲ್ಲಿಯ ಪದ್ಧತಿ ನಿನಗೆ ಗೊತ್ತಿರಲಾರದು. ಬಟ್ಟೆ ಏರಿಸುವವನ ಮನೆಯ ಒಬ್ಬರು ಮೊದಲ ದೋಣಿಯಲ್ಲಿ ಕೂತಿರಬೇಕು. ಹಮ್ಮನ ಅಪ್ಪ ಹಮ್ಮನನ್ನು ಕೂರಿಸಿದ. ಹಮ್ಮ ತನ್ನ ಒಬ್ಬನೇ ಮಗ ದುರ್ಗನನ್ನು ಕೂರಿಸುತ್ತಾನೆ. ಮನೆಯವರನ್ನು ಕೂರಿಸದವನು ಎಷ್ಟು ಬೆಳ್ಳಗಿನ ಬಟ್ಟೆ ಏರಿಸಿದರೂ ಒಂದು ದೋಣಿ ಇಳಿಯುವುದಿಲ್ಲ. ಅವತ್ತು ಬಟ್ಟೆ ಏರದೆಯೇ ನಿಮ್ಮನ್ನು ದಾಟಿಸಿದವನೂ ಇದೇ ದುರ್ಗ. ಅವನು ಈಜಿ ಬದುಕಿಕೊಂಡ. ಅವನೊಡನೆ ನಾನು ಮಾತಾಡುವುದಿಲ್ಲ. ಅವನ ದೋಣಿಯಲ್ಲಿ ಹೊಳೆ ದಾಟುವವರೂ ಊರಲ್ಲಿ ಕಡಿಮೆ.

ನಿನ್ನ ಸಮಿತಿಯ ಪ್ರಶ್ನೆಯನ್ನು ತಮಾಷೆಗೆ ಹಮ್ಮನ ಮುಂದಿಟ್ಟೆ. ದಿಲ್ಲಿಯವರು, ಕಂಪನಿಯವನು, ನಿನ್ನ ಡಾಕ್ಟರು, ಎಲ್ಲರನ್ನೂ ವಿವರಿಸಿದೆ. ಪೂರ್ತಿ ಕೇಳಿ, ಬೀಡಿ ಆರಿಸಿ, ಒಂದೇ ಮಾತು ಕೇಳಿದ: "ಅವ್ರಲ್ಲಿ ಯಾರ ಮನೆಯವ್ರು ಮೊದಲ ದೋಣೀಲಿ ಕೂತ್ಕಂತ್ರು?" ಉತ್ತರ ಬರೆ, ಹೇಳುತ್ತೇನೆ.

ನನ್ನದೂ ಒಂದು ಪ್ರಶ್ನೆ ಇದೆ. ಯಂತ್ರ ತಪ್ಪಿನಿಂದ ಕಲಿಯುತ್ತದೆ ಎಂದೆಯಲ್ಲ. ಇಲ್ಲಿ ತಪ್ಪು ಎಂದರೆ ದೋಣಿ ಮುಳುಗುವುದು. ಎಷ್ಟು ದೋಣಿ ಮುಳುಗಿದರೆ ಅದು ಪಾಸಾಗುತ್ತದೆ?

ಮಹಾಲಕ್ಷ್ಮೀ


ಮುಂಬಯಿ
೧ ಮಾರ್ಚ್ ೧೯೬೪

ಪ್ರಿಯ ಲಕ್ಷ್ಮೀ,

ಹನ್ನೊಂದು ಹಾಳೆಗಳೂ ಬಂದವು. ನಿನ್ನ ಪತ್ರದ ಕೊನೆಯ ಅರ್ಧಕ್ಕೆ ಮಾತ್ರ ಈಗ ಉತ್ತರಿಸುತ್ತೇನೆ. ಮೊದಲ ಅರ್ಧಕ್ಕೆ ನನಗಿನ್ನೂ ಧೈರ್ಯವಿಲ್ಲ.

ಹಮ್ಮನ ಪ್ರಶ್ನೆಯನ್ನು ಡಾಕ್ಟರರಿಗೆ ಹೇಳಿದೆ. ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದಿಟ್ಟು ಗಂಭೀರವಾಗಿಯೇ ಯೋಚಿಸಿದರು. "ಮಗ ದೋಣಿಯಲ್ಲಿದ್ದರೆ ತಂದೆಯ ಕಣ್ಣು ಚುರುಕಾಗುತ್ತದೆ ಎಂದು ಯಾರು ಹೇಳಿದರು? ಕೈ ನಡುಗಲೂಬಹುದು. ಶಸ್ತ್ರಕ್ರಿಯೆ ಮಾಡುವ ವೈದ್ಯ ಸ್ವಂತ ಮಗನ ಮೇಲೆ ಕತ್ತಿ ಇಡುವುದಿಲ್ಲ. ತೀರ್ಮಾನಿಸುವವನು ಸ್ವಲ್ಪ ದೂರ ನಿಂತಿರಬೇಕು," ಎಂದರು. ಇದಕ್ಕೆ ನಿನ್ನಲ್ಲಿ ಉತ್ತರವಿದ್ದರೆ ಬರೆ.

ಅವರು ಕೆಟ್ಟವರಲ್ಲ, ಲಕ್ಷ್ಮೀ. ಸೆಖೆಗೆ ಯಂತ್ರ ಕೆಟ್ಟರೆ ತಾವೇ ಬೀರು ಬಿಚ್ಚಿ ಒಂದೊಂದೇ ಕೊಳವೆಯನ್ನು ಮುಟ್ಟಿ ನೋಡುತ್ತಾರೆ. ತಮಗೆಂದು ಏನೂ ಬಯಸಿದ್ದನ್ನು ನಾನು ಕಂಡಿಲ್ಲ. ಇಂಥವರ ಕೈಯಲ್ಲಿದ್ದರೆ ಯಾರಿಗೂ ಅನ್ಯಾಯವಾಗದು ಎಂಬ ನಂಬಿಕೆ ನನ್ನದು.

ಮೇ ತಿಂಗಳಲ್ಲಿ ಮೀನುಗಾರಿಕೆ ಇಲಾಖೆಯವರು ಬಂದು ಅಳಿವೆಯ ಆಳ ಅಳೆಯುತ್ತಾರೆ. ನಿನ್ನ ಹಾಳೆಗಳನ್ನೂ ಅವರ ಅಳತೆಗಳನ್ನೂ ಕೂಡಿಸಿ ನಾನು ಯಂತ್ರಕ್ಕೆ ಆಜ್ಞೆ ಬರೆಯುತ್ತೇನೆ.

ಪ್ರೀತಿಯಿಂದ,
ವನಮಾಲಾ


ಕಾಸರಕೋಡ
೨೨ ಏಪ್ರಿಲ್ ೧೯೬೪

ಮಾಲಾ,

ಬೇಡಬೇಡವೆಂದರೂ ಹಳೆಯ ಹೆಸರೇ ಬರೆದುಬಿಟ್ಟೆ. ಇರಲಿ.

ಇದು ನಿನ್ನೊಬ್ಬಳಿಗೆ. ಹಮ್ಮನಿಗೆ ಕಣ್ಣು ಕಾಣುವುದಿಲ್ಲ.

ನನಗೆ ಅನುಮಾನ ಬಂದದ್ದು ಆ ಮೂರು ಸಂಜೆಗಳಲ್ಲೇ. ಹಾಳೆ ಗಾಳಿಗೆ ಹಾರಿ ಅವನ ಕಾಲ ಬಳಿ ಬಿದ್ದರೂ ಅವನು ಬಗ್ಗಲಿಲ್ಲ. ನಿನ್ನೆ ಬೆಳಗ್ಗೆ ದಿಬ್ಬದ ಹತ್ತಿರ ಹೋದಾಗ ನೋಡಿದೆ. ಅವನ ಹಿಂದೆ ಸೊಸೆ ಲಕ್ಕಿ, ದುರ್ಗನ ಹೆಂಡತಿ, ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವನು ಸಮುದ್ರಕ್ಕೆ ಮುಖ ಮಾಡಿ ಮೆಲ್ಲಗೆ ಕೇಳುತ್ತಿದ್ದ: "ಬಣ್ಣ ಎಂತದು?" ಅವಳು ಬುಟ್ಟಿಗೆ ಮುಖ ಮಾಡಿ ಹೇಳುತ್ತಿದ್ದಳು: "ತೆಂಕು ಬದಿಗೆ ಕಪ್ಪು, ಬಡಗು ಬದಿಗೆ ಹಾಲು." ಕಪ್ಪು ಎಂದರೆ ಆಳ, ಹಾಲು ಎಂದರೆ ಒಡೆಯುವ ತೆರೆಯ ನೊರೆ. ಅವನು ಲೆಕ್ಕ ಹಾಕಿ ಬಟ್ಟೆ ಏರಿಸಿದ. ದೋಣಿಗಳು ಹೋದವು. ಎರಡು ವರ್ಷದಿಂದ ಹೀಗೆಯೇ ನಡೆದಿದೆಯಂತೆ.

ಲಕ್ಕಿ ನನ್ನ ಕೈ ಹಿಡಿದು, "ಯಾರಿಗೂ ಹೇಳ್ಬೇಡಿ ಅಕ್ಕೋರೇ, ಮಾವ ಸತ್ತೇ ಹೋಗ್ತ್ರು," ಎಂದಳು. ಊರಿನ ಯಾರೊಬ್ಬರಿಗೂ ಅನುಮಾನವಿಲ್ಲ. ಒಬ್ಬನೇ ಮಗನನ್ನು ಮುಂದೆ ಕಳಿಸುವವನಿಗೆ ಕಣ್ಣು ಕಾಣದಿರುತ್ತದೆಯೇ ಎಂದು ಎಲ್ಲರೂ ನಿಶ್ಚಿಂತರಾಗಿದ್ದಾರೆ. ಆ ಕಣ್ಣನ್ನು ಪರೀಕ್ಷಿಸುವುದೇ ಅಪಚಾರ. ನಿನ್ನ ಡಾಕ್ಟರರ ಮಾತಿಗೆ ಉತ್ತರ ಹುಡುಕಲು ಹೋಗಿ ಅವರಿಗೇ ಸಾಕ್ಷಿ ಒದಗಿಸಿದಂತಾಯಿತು ನನ್ನ ಕಥೆ.

ಲಕ್ಕಿಗೆ ಒಂದು ದಿನ ಜ್ವರ ಬಂದರೆ ಏನು ಗತಿ ಎಂದು ನಾನು ಹೆದರಿದ್ದೇನೆ. ನಿನ್ನ ಪಟ್ಟಿ ಒಳ್ಳೆಯದಿದ್ದರೆ ಬೇಗ ಬರಲಿ. ಆದರೆ ಹಮ್ಮನ ಮಾನ ಹೋಗದ ಹಾಗೆ ಬರಲಿ.

ಲಕ್ಷ್ಮೀ


ಕಾಸರಕೋಡ
೧೧ ಜೂನ್ ೧೯೬೪

ವನಮಾಲಾ,

ನಿನ್ನೊಬ್ಬಳಿಗೆ ಎಂದು ಬರೆದಿದ್ದೆ. ಮೊನ್ನೆ ಇಲಾಖೆಯ ಅಧಿಕಾರಿ ಬಂದು ದಿಬ್ಬದ ಕೆಳಗೆ ಜನ ಸೇರಿಸಿ ಒಂದು ಕಾಗದ ಓದಿದರು. "ಈಗ ಸೂಚನೆ ಕೊಡುತ್ತಿರುವ ವ್ಯಕ್ತಿಗೆ ದೃಷ್ಟಿ ಇಲ್ಲವೆಂದು ವಿಶ್ವಸನೀಯ ಮೂಲದಿಂದ ತಿಳಿದುಬಂದಿರುವುದರಿಂದ" ಎಂದು ಅದರಲ್ಲಿತ್ತು. ಆ ವಿಶ್ವಸನೀಯ ಮೂಲ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿತ್ತು.

ಜನ ನಂಬಲಿಲ್ಲ. ಸರಕಾರಿ ಸುಳ್ಳು ಎಂದು ಕೂಗಾಡಿದರು. ಹಮ್ಮ ಬಿದಿರು ಗಳವನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ನಡೆದ. ಲಕ್ಕಿ ನನ್ನ ಮುಖವನ್ನೇ ನೋಡಿದಳು. ಈಗ ಶಾಲೆಯ ಮುಂದೆ ಹಾದುಹೋಗುವಾಗ ತಲೆ ಬೇರೆ ಕಡೆ ತಿರುಗಿಸುತ್ತಾಳೆ. ಮಳೆಗಾಲ ಮುಗಿದು ಕಡಲು ತೆರೆಯುವ ದಿನ, ಅಂದರೆ ಆಗಸ್ಟ್ ಇಪ್ಪತ್ತಾರಕ್ಕೆ, ಇಲಾಖೆ ಕೊಟ್ಟ ಎಂಜಿನ್ ದೋಣಿಗಳೆಲ್ಲ ನಿನ್ನ ಪಟ್ಟಿಯಂತೆಯೇ ಹೋಗಬೇಕೆಂದು ಹುಕುಂ ಆಗಿದೆ. ಮೊದಲ ದೋಣಿ ದುರ್ಗನದು.

ನನ್ನ ಮನಸ್ಸಿನಲ್ಲಿ ಆರು ವರ್ಷದಿಂದ ಇರುವ ಇನ್ನೊಂದನ್ನೂ ಕೇಳಿಬಿಡುತ್ತೇನೆ. ದುರ್ಗ ಅಪ್ಪನ ಬಟ್ಟೆ ಮೀರಿ ಅದಕ್ಕೆ ಮೊದಲು ದೋಣಿ ಇಳಿಸಿದವನಲ್ಲ, ಆಮೇಲೂ ಇಳಿಸಿಲ್ಲ. ಆ ಒಂದು ದಿನ ಏಕೆ ಇಳಿಸಿದ? ದೋಣಿಯಲ್ಲಿ ನೀನೂ ಇದ್ದೆ. ಏನಾಯಿತು?

ಮಹಾಲಕ್ಷ್ಮೀ


ಮುಂಬಯಿ
೩೦ ಜೂನ್ ೧೯೬೪

ಲಕ್ಷ್ಮೀ,

ಹೇಳುತ್ತೇನೆ.

ಅವತ್ತು ಬಟ್ಟೆ ಏರಿರಲಿಲ್ಲ. ಹೊಳೆ ಕೆಂಪಗೆ ತುಂಬಿತ್ತು, ಇಳಿತದ ನೀರು ಅಳಿವೆಯ ಕಡೆ ಎಳೆಯುತ್ತಿತ್ತು. ಎರಡು ತಾಸು ಕಾಯಿರಿ ಎಂದು ಹಮ್ಮ ಹೇಳಿ ಕಳಿಸಿದ. ದುರ್ಗ ಹುಟ್ಟು ಕೆಳಗಿಟ್ಟು ಕೂತ. ನಾನು ಕೆಲಸಕ್ಕೆ ಹಾಜರಾಗಬೇಕಾದ ದಿನ ಹತ್ತಿರ ಬಂದಿತ್ತು, ಹುಬ್ಬಳ್ಳಿಯ ಬಸ್ಸು ತಪ್ಪಿದರೆ ಕೆಲಸವೂ ಹೋಗುತ್ತಿತ್ತು. ಶ್ರೀಕೃಷ್ಣ ಕಾಯೋಣ ಎಂದ. ನಾನು ಅತ್ತೆ. ಅದು ನಿಜವಾದ ಅಳು ಅಲ್ಲ ಲಕ್ಷ್ಮೀ, ಕೆಲಸ ಸಾಧಿಸುವ ಅಳು. ನಿನ್ನ ತಮ್ಮನಿಗೆ ನೋಡಲಾಗದೆ ದುರ್ಗನ ಕಾಲು ಹಿಡಿಯುವಷ್ಟು ಬೇಡಿಕೊಂಡ. ದುರ್ಗ ಹುಟ್ಟು ಎತ್ತಿಕೊಂಡ.

ನಾನು ದಡ ಸೇರಿದೆ, ಬಸ್ಸು ಹತ್ತಿದೆ, ಹಿಂತಿರುಗಿ ನೋಡಲಿಲ್ಲ. ಎಂಟು ದಿನದ ಮೇಲೆ ಅಮ್ಮನ ಕಾಗದದಿಂದ ತಿಳಿಯಿತು. ಎಲ್ಲರೂ ದುರ್ಗನನ್ನೇ ಹಳಿಯುತ್ತಿದ್ದಾರೆ ಎಂದೂ ಅದರಲ್ಲಿತ್ತು. ನಿಜ ಹೇಳಲು ಒಂದು ಕಾರ್ಡು ಸಾಕಿತ್ತು. ಅದನ್ನು ಬರೆಯದೆ ಆರು ವರ್ಷ ಮನಸ್ಸಿನಲ್ಲೇ ಅದೇ ಅಳಿವೆಯ ಲೆಕ್ಕ ಮಾಡುತ್ತ ಕೂತೆ. ದುರ್ಗ ಏಕೆ ಬಾಯಿ ಬಿಡಲಿಲ್ಲವೋ ತಿಳಿಯದು.

ಹಮ್ಮನ ಕಣ್ಣಿನ ವಿಷಯ ಡಾಕ್ಟರರಿಗೆ ಹೇಳಿದವಳೂ ನಾನೇ. ಪಟ್ಟಿ ತಡವಾದರೆ ಇನ್ನೊಬ್ಬರ ತಮ್ಮ ಹೋಗುತ್ತಾನೆ ಎಂದು ಹೆದರಿ ಹೇಳಿದೆ. ಎಲ್ಲರ ಒಳ್ಳೆಯದಕ್ಕೇ ಎಂದುಕೊಂಡೆ. ಅವತ್ತು ಅಳುವಾಗಲೂ ಹಾಗೆಯೇ ಅಂದುಕೊಂಡಿದ್ದೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ವನಮಾಲಾ


ಕಾಸರಕೋಡ
೧೨ ಆಗಸ್ಟ್ ೧೯೬೪

ವನಮಾಲಾ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ಅದರ ಬಗ್ಗೆ ನನಗಿನ್ನೂ ಬರೆಯಲು ಆಗುತ್ತಿಲ್ಲ.

ಕೆಲಸದ ಮಾತು ಇಷ್ಟು. ಪಟ್ಟಿಯನ್ನು ಬೋರ್ಡಿಗೆ ಅಂಟಿಸಿದ್ದಾರೆ. ಇಪ್ಪತ್ತಾರರಂದು ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ತೆಂಕು ದಾರಿಯಲ್ಲಿ, ಆರು ಅಡಿ ನೀರು ಎಂದಿದೆ. ಲೆಕ್ಕ ನನಗೂ ಬರುತ್ತದೆ, ಆದರೆ ಅದರ ಒಳಗೆ ಇಣುಕಿ ನೋಡಲು ಬರುವುದಿಲ್ಲ. ನಂಬಬೇಕು ಅಥವಾ ಬಿಡಬೇಕು, ಅಷ್ಟೆ.

ಮಳೆ ಸ್ವಲ್ಪ ಬಿಟ್ಟು ಹೊಳವಾಗಿದೆ. ನಿನ್ನೆ ನನ್ನ ಮಕ್ಕಳು ಶಾಲೆ ತಪ್ಪಿಸಿ ತೆಂಕು ದಾರಿಯ ಬಾಯಲ್ಲಿ ಸೊಂಟಮಟ್ಟದ ನೀರಲ್ಲಿ ನಿಂತು ಬಳಚು ಹೆಕ್ಕುತ್ತಿದ್ದವು. ಮಡಿಲ ತುಂಬ ಚಿಪ್ಪು. ಎಲ್ಲರನ್ನೂ ಕಿವಿ ಹಿಡಿದು ಕರೆತಂದೆ.

ಮಹಾಲಕ್ಷ್ಮೀ


ತಂತಿ
ಮುಂಬಯಿ, ೧೮ ಆಗಸ್ಟ್ ೧೯೬೪

ಮಕ್ಕಳು ನಿಂತಲ್ಲಿ ಆರು ಅಡಿ ನೀರಿಲ್ಲ. ಪಟ್ಟಿ ತಪ್ಪು. ದೋಣಿ ಇಳಿಸಬೇಡಿ. ಬರುತ್ತಿದ್ದೇನೆ. ವನಮಾಲಾ.


ಕಾಸರಕೋಡ
೨೭ ಆಗಸ್ಟ್ ೧೯೬೪

ಪೂಜ್ಯ ಡಾಕ್ಟರ್ ಕೃಷ್ಣಾನಂದರಿಗೆ,

ರಜೆ ಸಿಗುವ ಮೊದಲೇ ಹೊರಟುಬಂದದ್ದಕ್ಕೆ ನೀವು ಕೊಡುವ ಶಿಕ್ಷೆಯನ್ನು ಒಪ್ಪುತ್ತೇನೆ. ಸಮಿತಿಗೆ ನಾನು ಬರೆಯಬೇಕಾಗಿದ್ದ ಟಿಪ್ಪಣಿ ಇದೇ ಎಂದು ತಿಳಿಯಿರಿ.

ಯಂತ್ರದ ಲೆಕ್ಕದಲ್ಲಿ ದೋಷವಿಲ್ಲ. ಮೇ ತಿಂಗಳಲ್ಲಿ ಅಳೆದ ಆಳಗಳನ್ನು ನಾನು ಅದಕ್ಕೆ ಕೊಟ್ಟೆ. ಮಳೆಗಾಲದ ನೆರೆ ಮರಳನ್ನೆಲ್ಲ ತೆಂಕು ದಾರಿಗೆ ತಂದು ಹಾಕಿ, ಬಡಗಿನಲ್ಲಿ ಹೊಸ ಬಾಯಿ ತೆರೆದಿದೆ. ಹಮ್ಮ ಹೇಳಿ ಬರೆಸಿದ ಹನ್ನೊಂದು ಹಾಳೆಗಳಲ್ಲಿ ಮೂರನೆಯದರಲ್ಲೇ ಇದಿತ್ತು: "ಮಳೆ ಮುಗಿದ ಮೇಲೆ ಹಳೇ ಅಳಿವೆ ಅಂದೇಳಿ ಇರೂದಿಲ್ಲ." ಅಂಕೆಯಾಗಿ ಬರೆಯಲು ಬಾರದ ಮಾತೆಂದು ನಾನು ಅದನ್ನು ಬಿಟ್ಟೆ. ತಪ್ಪನ್ನು ನಿಮಗೆ ತೋರಿಸಿದಾಗ ನೀವು ನೊಂದುಕೊಂಡಿರಿ, ಇಲಾಖೆಗೆ ಕಾಗದವನ್ನೂ ಬರೆದಿರಿ. ತಿದ್ದಿದ ಹುಕುಂ ಕ್ರಮವಾಗಿ ಬರಲು ಮೂರು ವಾರ ಬೇಕು, ಅಷ್ಟರಲ್ಲಿ ಏನಾದರೂ ಆದರೆ ಮುಂದಿನ ಪಟ್ಟಿಯಲ್ಲಿ ಯಂತ್ರ ತಿದ್ದಿಕೊಳ್ಳುತ್ತದೆ ಎಂದಿರಿ. ಆ ಮಾತು ಆಡುವಾಗ ನೀವು ಕಿಟಕಿಯ ಕಡೆ ನೋಡಿದಿರಿ. ಅದಕ್ಕೇ ನಿಮ್ಮ ಮೇಲೆ ನನಗಿನ್ನೂ ಗೌರವವಿದೆ.

ಮೊನ್ನೆ ಸಂಜೆ ಹೊನ್ನಾವರದ ಧಕ್ಕೆಗೆ ಬಂದಾಗ ದೋಣಿಯೊಂದಿಗೆ ನಿಂತಿದ್ದವನು ಹಮ್ಮನ ಮಗ ದುರ್ಗ. ಗುರುತಿಸಿದ. ನನ್ನ ಪೆಟ್ಟಿಗೆ ಎತ್ತಿ ದೋಣಿಯಲ್ಲಿಟ್ಟ.

ನಿನ್ನೆ ಬೆಳಗ್ಗೆ ದಡದಲ್ಲಿ ಮೂವತ್ತಕ್ಕೂ ಹೆಚ್ಚು ದೋಣಿಗಳು, ಜಾಲಿ ಎಂಬ ಊರಿನ ಕಡೆಯಿಂದ ಬಂದವೂ ಇದ್ದವು. ಅಧಿಕಾರಿಗೆ ಪಟ್ಟಿ ತಪ್ಪೆಂದು ಹೇಳಿದೆ. "ಇದಕ್ಕೆ ಇಲಾಖೆಯ ಮೊಹರು ಇದೆ. ನಿಮ್ಮ ತಂತಿಗೆ ಮೊಹರು ಇಲ್ಲ," ಎಂದರು. ಆಗ ಜನರ ಹಿಂದಿನಿಂದ ಹಮ್ಮ ಕೇಳಿದ: "ಸಾಯ್ಬ್ರೇ, ನಿಮ್ಮ ಮನೆಯವ್ರು ಯಾವ ದೋಣೀಲಿ ಕೂತಿದ್ರು?" ತಮ್ಮ ಮನೆಯವರು ಧಾರವಾಡದಲ್ಲಿದ್ದಾರೆ ಎಂದು ಅಧಿಕಾರಿ ಹೇಳಿದರು. ಯಾರೂ ನಗಲಿಲ್ಲ.

ನಾನು ಗಟ್ಟಿಯಾಗಿ ಹೇಳಿದೆ. ಈ ಪಟ್ಟಿ ಮಾಡಿದವಳು ನಾನು. ನಿಮ್ಮ ಪದ್ಧತಿಯಂತೆ ಮೊದಲ ದೋಣಿಯಲ್ಲಿ ನಾನು ಕೂರಬೇಕು. ಕೂರುವುದಿಲ್ಲ, ಏಕೆಂದರೆ ಇದು ತಪ್ಪು. ಇನ್ನೂ ಒಂದು ಇದೆ. ಆರು ವರ್ಷದ ಹಿಂದೆ ದುರ್ಗ ಬಟ್ಟೆ ಮೀರಿ ದೋಣಿ ಇಳಿಸಿದ್ದು ನನ್ನ ಹಟಕ್ಕೆ. ಅವನದಲ್ಲ, ತಪ್ಪು ನನ್ನದು. ಗೆಳತಿ ಮಹಾಲಕ್ಷ್ಮೀ ಹತ್ತು ಮಾರು ದೂರದಲ್ಲಿ ನಿಂತಿದ್ದಳು. ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ.

ಮುಂದೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಹಮ್ಮ ಮುಂದೆ ಬಂದ. "ಹುಡುಗಿ ತನ್ನ ತಪ್ಪು ತಾನೇ ಹೇಳ್ತು. ನಂದೂ ಹೇಳ್ತೆ. ಕಾಗದದಲ್ಲಿ ಓದಿದ್ದು ಸುಳ್ಳಲ್ಲ. ನಂಗೆ ಕಣ್ಣು ಕಾಣೂದಿಲ್ಲ. ಎರಡು ವರ್ಷ ಆತು. ನೋಡೂದು ಲಕ್ಕಿ." ಹೆಂಗಸಿನ ಮಾತಿಗೆ ದೋಣಿ ಇಳಿಸುವುದೇ ಎಂದು ಯಾರೋ ಗೊಣಗಿದರು. ಲಕ್ಕಿ ಬುಟ್ಟಿ ಕೆಳಗಿಟ್ಟಳು. "ದೋಣೀಲಿ ಕೂತದ್ದು ನನ್ನ ಗಂಡ. ನಾ ಸುಳ್ಳು ಹೇಳ್ತೆನಾ?" ಎಂದಳು. ಗೊಣಗಿದವರು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು.

ಒಂಬತ್ತು ಹತ್ತಕ್ಕೆ ತೆಂಕು ದಾರಿಗೆ ಅಡ್ಡಲಾಗಿ ತೆರೆ ಒಡೆಯುತ್ತಿತ್ತು. ಅಧಿಕಾರಿ ಪಟ್ಟಿ ನೋಡಿದರು, ಸಮುದ್ರ ನೋಡಿದರು, ಮತ್ತೆ ಪಟ್ಟಿಯನ್ನೇ ನೋಡಿದರು. ಆಮೇಲೆ ಟೋಪಿ ತೆಗೆದು ಮರಳ ಮೇಲೆ ಕೂತರು.

ಲಕ್ಕಿ ದಿಬ್ಬ ಹತ್ತಿದಳು. ಈಗ ಪಿಸುಗುಟ್ಟುವುದಿರಲಿಲ್ಲ. ಹಮ್ಮ ಗಟ್ಟಿಯಾಗಿ ಕೇಳಿದ, ಅವಳು ಗಟ್ಟಿಯಾಗಿ ಹೇಳಿದಳು, ಎಲ್ಲರೂ ಕೇಳಿದರು. ದೋಣಿ ನಡೆಸುವ ಇಬ್ಬರು ತಾಂಡೇಲರು ಅವಳ ಮಾತನ್ನು ಅಲ್ಲಲ್ಲಿ ತಿದ್ದಿದರು, ಅವನು ತಿದ್ದಿಸಿಕೊಂಡ. ಭರತದ ನೀರು ಏರಿ ಪೂರ್ತಿ ನಿಲ್ಲುವ ಹೊತ್ತು ಎಷ್ಟು ಎಂದು ನನ್ನನ್ನು ಕೇಳಿದ. ನಮ್ಮ ಪಟ್ಟಿಯಲ್ಲಿ ಅದು ಸರಿಯಾಗಿತ್ತು, ಹನ್ನೆರಡೂವರೆ. "ಆತು. ದಾರಿ ಲಕ್ಕೀದು, ಹೊತ್ತು ನಿಂದು. ನೀನೂ ಕೂತ್ಕ," ಎಂದ.

ಕೂತೆ. ನಾನು ಬರೆದ ಅಂಕೆಯ ಮೇಲೆ ನಾನೇ ಕೂತದ್ದು ಅದೇ ಮೊದಲು. ಹನ್ನೆರಡೂವರೆಗೆ ಬಟ್ಟೆ ಏರಿತು. ಬಡಗು ದಾರಿಯಲ್ಲಿ ದುರ್ಗನ ದೋಣಿ ಮೂರು ಸಲ ಎದ್ದು ಬಿತ್ತು, ಆಮೇಲೆ ಹೊರಗಿನ ನೀಲಿ ನೀರು ಬಂತು. ನಾನು ಹೆದರಿ ಹಲಗೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಸಿಬಿರು ಇನ್ನೂ ಇದೆ. ಎಲ್ಲ ದೋಣಿಗಳೂ ಸಂಜೆ ಮರಳಿದವು.

ನೀವು ಹೇಳಿದ್ದು ನಿಜ, ಮಗನನ್ನು ಕೂರಿಸಿದ ಮಾತ್ರಕ್ಕೆ ಕಣ್ಣು ಬರುವುದಿಲ್ಲ. ಹಮ್ಮನನ್ನು ಯಾರೂ ಪರೀಕ್ಷಿಸಬಾರದು ಎಂದು ಊರು ಮಾಡಿಕೊಂಡ ತಪ್ಪನ್ನೇ ನಾನು ನಿಮ್ಮ ವಿಷಯದಲ್ಲಿ ಮಾಡಿದೆ. ನಿಮ್ಮ ಒಳ್ಳೆಯತನ ಕಂಡು ನಿಮ್ಮನ್ನು ಕೇಳುವುದನ್ನು ಬಿಟ್ಟೆ. ಈ ಬುದ್ಧಿ ಬಲ್ಲವರ ಕೈಯಲ್ಲೇ ಇರಲಿ. ಆದರೆ ಅವರು ದೋಣಿಯಲ್ಲಿ ಕೂರಲಿ, ಏನು ಕಾಣುತ್ತದೆ ಏನು ಕಾಣುವುದಿಲ್ಲ ಎಂದು ಎಲ್ಲರೂ ಕೇಳುವಂತೆ ಹೇಳಲಿ. ಬೇಡವೆಂದು ದೋಣಿ ಇಳಿಸದೆ ಇರುವ ಅಧಿಕಾರ ದೋಣಿಯವರಿಗೆ ಇರಲಿ. ಇದಕ್ಕೆ ಒಪ್ಪದವರು ದಿಲ್ಲಿಯವರಾದರೂ ಕಂಪನಿಯವರಾದರೂ ನಾವೇ ಆದರೂ ನಂಬತಕ್ಕವರಲ್ಲ.

ಯಂತ್ರದ ಕೆಲಸ ಬಿಡುವ ಮನಸ್ಸು ನನಗಿಲ್ಲ. ಬಿಡಿಸುವುದು ನಿಮಗೆ ಸೇರಿದ್ದು.

ತಮ್ಮ ವಿಧೇಯ ಶಿಷ್ಯೆ,
ವನಮಾಲಾ


ಹೊನ್ನಾವರ
೫ ಅಕ್ಟೋಬರ್ ೧೯೬೪

ಮಾಲಾ,

ಮೇಲಿನ ಊರಿನ ಹೆಸರನ್ನು ಇನ್ನೊಮ್ಮೆ ನೋಡು. ಕೈತಪ್ಪಿ ಬರೆದದ್ದಲ್ಲ.

ಸಮಿತಿ ನಿನ್ನ ಟಿಪ್ಪಣಿಯನ್ನು ಓದದೆ ಕಡತಕ್ಕೆ ಸೇರಿಸಿತು ಎಂದು ಬರೆದಿದ್ದೀ. ನನಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಮಾತ್ರ ಬಂತು. ಆದರೆ ನಿನ್ನ ಡಾಕ್ಟರು ಮುಂದಿನ ಸಲ ಮಳೆ ಮುಗಿದ ಮೇಲೆ ಆಳ ಅಳೆಯಲು ತಾವೇ ಬರುತ್ತಾರೆಂದು ಓದಿ ಖುಷಿಯಾಯಿತು. ಈಜು ಬರುತ್ತದೆಯೇ ಕೇಳು. ಹಮ್ಮನಿಗೆ ಹೇಳಿದೆ. "ಬರ್ಲಿ, ಮೊದಲ ದೋಣೀಲೇ ಜಾಗ ಇಡ್ತೆ," ಎಂದ. ಲಕ್ಕಿ ಈಗ ದಿಬ್ಬದ ಮೇಲೆ ಎದ್ದು ನಿಂತೇ ನೋಡುತ್ತಾಳೆ. ನನ್ನೊಡನೆ ಮಾತೂ ಆಡುತ್ತಾಳೆ, ಸ್ವಲ್ಪ ಬಿಗುವಾಗಿ.

ನಾನು ದುರ್ಗನ ಮನೆಗೆ ಹೋಗಿದ್ದೆ. ಆರು ವರ್ಷ ಅವನ ಮುಖ ನೋಡದೆ ಇದ್ದವಳಿಗೆ ಮಾತು ಹೇಗೆ ಶುರುಮಾಡಬೇಕೆಂದು ತಿಳಿಯಲಿಲ್ಲ. ನಿಜವನ್ನು ಏಕೆ ಹೇಳಲಿಲ್ಲ ಎಂದು ಒಮ್ಮೆಗೇ ಕೇಳಿಬಿಟ್ಟೆ. ಬಲೆ ಹೊಲಿಯುತ್ತಿದ್ದವನು ತಲೆ ಎತ್ತಲಿಲ್ಲ. "ಅವ್ರು ದಾಟ್ಸು ಅಂದೇಳಿ ಕೇಳಿದ್ರು, ಹೌದು. ಆದ್ರೆ ಹುಟ್ಟು ನನ್ನ ಕೈಲಿತ್ತು ಅಕ್ಕೋರೇ," ಎಂದ. ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ಶ್ರೀಕೃಷ್ಣ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ನಿನ್ನನ್ನು ಕ್ಷಮಿಸಿದೆನೇ ಎಂದು ಕೇಳಿದ್ದೀ. ಪೂರ್ತಿ ಇಲ್ಲ. ಆದರೆ ನಿನ್ನ ಕಾಗದ ಬರದಿದ್ದರೆ ಅಂಚೆಯವನ ಮೇಲೆ ರೇಗುತ್ತೇನೆ. ಸದ್ಯಕ್ಕೆ ಅದರಿಂದ ತೃಪ್ತಿಪಟ್ಟುಕೋ.

ಇವತ್ತು ಬೆಳಗ್ಗೆ ದುರ್ಗನ ದೋಣಿಯಲ್ಲಿ ಹೊಳೆ ದಾಟಿದೆ. ನಡುನೀರಿನಲ್ಲಿ ಕಣ್ಣು ಮುಚ್ಚಿಕೊಂಡೆ, ಅವನು ನೋಡಿಯೂ ನೋಡದ ಹಾಗೆ ಇದ್ದ. ಪೇಟೆಯಲ್ಲಿ ಮಕ್ಕಳಿಗೆ ಸೀಮೆಸುಣ್ಣ ಕೊಂಡೆ, ಅಂಚೆ ಕಚೇರಿಯಲ್ಲಿ ಈ ಅಂತರ್ದೇಶೀಯ ಪತ್ರ ಕೊಂಡೆ. ಈಗ ಧಕ್ಕೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಶಾಲೆಗೆ ಹೊತ್ತಾಯಿತು, ಮಕ್ಕಳು ಗದ್ದಲ ಎಬ್ಬಿಸಿರುತ್ತವೆ. ಆಚೆ ದಿಬ್ಬದ ಮೇಲೆ ಲಕ್ಕಿ ನಿಂತಿರುವುದು ಕಾಣುತ್ತದೆ. ಬಟ್ಟೆ ಇನ್ನೂ ಏರಿಲ್ಲ. ದುರ್ಗ ಹುಟ್ಟು ಕೆಳಗಿಟ್ಟು ನನ್ನ ಮುಖ ನೋಡಿದ.

ಕಾಯೋಣ ಎಂದೆ.

ನಿನ್ನ,
ಲಕ್ಷ್ಮೀ